ಗುಳಿಗೆಯ ಚೀಟಿಯಲ್ಲಿ ಊಟದ ಲೆಕ್ಕವೂ ಇರಲಿ

ಗದಗ ಜಿಲ್ಲೆಯ ರೋಣ, ಗಜೇಂದ್ರಗಡ ಭಾಗದ ಇಟಗಿ ಎಂದರೆ ಭಕ್ತರಿಗೆ ಭೀಮಾಂಬಿಕೆಯ ಊರು, ಒಕ್ಕಲುತನದವರಿಗೆ ಎರೆಹೊಲದ ಸೀಮೆ. ಮುಂಗಾರಿಗೆ ಹೆಸರು, ಶೇಂಗಾ. ಹಿಂಗಾರಿಗೆ ಬಿಳಿಜೋಳ, ಕಡಲೆ, ಕುಸುಬೆ. ಇಂಥ ಸೀಮೆಯಲ್ಲಿ ಯಾರಿಗಾದರೂ ‘ಶುಗರ್’ ಕಾಣಿಸಿಕೊಂಡರೆ ಮೊದಲು ಕೇಳಿಬರುವ ಮಾತು, ‘ಅನ್ನ ಬಿಡ್ರಿ, ಸಕ್ಕರಿ ಬಿಡ್ರಿ.’ ಬಿಟ್ಟ ಮೇಲೆ ಏನು ಉಣ್ಣಬೇಕು, ಎಷ್ಟು ಉಣ್ಣಬೇಕು ಎಂದು ಕೂರಿಸಿಕೊಂಡು ಹೇಳುವವರು ಕಡಿಮೆ. ಗುಳಿಗೆಗೆ ಬೆಳಗ್ಗೆ ಒಂದು, ರಾತ್ರಿ ಒಂದು ಎಂಬ ಲೆಕ್ಕವಿದೆ, ಊಟಕ್ಕಿಲ್ಲ. 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ. ಇಷ್ಟು ಜನರನ್ನು ಬರೀ ‘ಬಿಡ್ರಿ’ ಎಂಬ ಮಾತಿನಿಂದ ಕಾಪಾಡಲಾಗದು.

ಅನ್ನ ಬಿಟ್ಟವರು ರೊಟ್ಟಿಗೆ ಮರಳುತ್ತಾರೆ. ಒಳ್ಳೆಯದೇ. 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರು. ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ನಾರು ಹೆಚ್ಚಿದ್ದಷ್ಟೂ ಊಟದ ಸಕ್ಕರೆ ರಕ್ತಕ್ಕೆ ಇಳಿಯುವುದು ನಿಧಾನ. ಆದರೆ ಅದೇ ಜೋಳದಲ್ಲಿ ಅರ್ಧಕ್ಕಿಂತ ಹೆಚ್ಚು ಪಿಷ್ಟವೇ ಇದೆ, ಅದು ಕೊನೆಗೆ ಸಕ್ಕರೆಯೇ ಆಗುತ್ತದೆ. ರೊಟ್ಟಿಗೆ ಮಿತಿಯಿಲ್ಲ ಎಂದು ನಾಲ್ಕೈದು ಉಂಡರೆ ಗುಳಿಗೆಯೂ ಸೋಲುತ್ತದೆ. ಸಕ್ಕರೆ ಬಿಟ್ಟು ಬೆಲ್ಲದ ಚಹಾಕ್ಕೆ ಬಂದವರಿಗೂ ಇದೇ ಮಾತು.

ಹಾಗಾದರೆ ತಾಟಿನಲ್ಲಿ ಏನಿರಬೇಕು? ಅರ್ಧ ತರಕಾರಿ, ಕಾಲುಭಾಗ ಕಾಳು, ಕಾಲುಭಾಗ ರೊಟ್ಟಿ ಅಥವಾ ಅನ್ನ. ನಮ್ಮ ಮಾತಿನಲ್ಲಿ ಹೇಳುವುದಾದರೆ ಎರಡು ತೆಳುವಾದ ರೊಟ್ಟಿ, ವಾಟಿ ತುಂಬ ಮೆಂತ್ಯಪಲ್ಯವೋ ಪುಂಡಿಪಲ್ಯವೋ, ಮಡಿಕೆಕಾಳು, ಜೊತೆಗೆ ಹಸಿ ಹಕ್ಕರಕಿ, ಉಳ್ಳಾಗಡ್ಡಿ, ಮಜ್ಜಿಗೆ. ಪೇಟೆಯಿಂದ ಓಟ್ಸ್ ತರಬೇಕಿಲ್ಲ. ಪಲ್ಯ ಇಂದು ರೊಟ್ಟಿಗೆ ನಂಜಿಕೊಳ್ಳುವಷ್ಟೇ ಇರುತ್ತದೆ. ಅದು ಹೆಚ್ಚಿ, ರೊಟ್ಟಿ ಕಡಿಮೆಯಾಗಬೇಕು. ದಿನವಿಡೀ ಕಳೆ ತೆಗೆಯುವ ಹೆಣ್ಣುಮಗಳಿಗೂ ಅಂಗಡಿಯಲ್ಲಿ ಕೂತವರಿಗೂ ರೊಟ್ಟಿಯ ಲೆಕ್ಕ ಒಂದೇ ಆಗದು. ಅದಕ್ಕೇ ಎದುರು ಕೂತು ಕೇಳುವವರು ಬೇಕು.

ಶ್ರಾವಣದ ಸೋಮವಾರಗಳನ್ನೇ ನೋಡಿ. ಬೆಳಗ್ಗೆ ಗುಳಿಗೆ ನುಂಗಿ ಸಂಜೆವರೆಗೆ ಉಪವಾಸವಿದ್ದರೆ, ಕೆಲವು ಗುಳಿಗೆಗಳಿಂದ ಮತ್ತು ಇನ್ಸುಲಿನ್‌ನಿಂದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು: ಬೆವರು, ನಡುಕ, ಕಣ್ಣು ಕತ್ತಲೆ. ಆಗ ತಕ್ಷಣ ಸಕ್ಕರೆ ನೀರು ಕುಡಿಸಬೇಕು. ಸಂಜೆ ಫಲಾಹಾರವೆಂದು ಸಾಬೂದಾಣಿ ಖಿಚಡಿ ಉಂಡರೆ ಅದೇ ಸಕ್ಕರೆ ಮೇಲಕ್ಕೆ ಜಿಗಿಯುತ್ತದೆ, ಏಕೆಂದರೆ ಸಾಬೂದಾಣಿ ಬಹುಪಾಲು ಬರೀ ಪಿಷ್ಟ. ವ್ರತ ಬಿಡಬೇಕೆಂದಲ್ಲ, ಗುಳಿಗೆಯ ಹೊತ್ತನ್ನು ಡಾಕ್ಟರರ ಜೊತೆ ಮೊದಲೇ ಮಾತಾಡಿಕೊಳ್ಳಬೇಕು.

ಬಿಪಿ ಇದ್ದವರಿಗೆ ದಿನಕ್ಕೆ ಉಪ್ಪು 5 ಗ್ರಾಂ, ಅಂದರೆ ಒಂದು ಸಣ್ಣ ಚಮಚ, ದಾಟಬಾರದು. ಹಪ್ಪಳ, ಸಂಡಿಗೆ, ಉಪ್ಪಿನಕಾಯಿ, ಮಿರ್ಚಿಭಜಿಗೆ ಹಾಕುವ ಸೋಡಾ, ಎಲ್ಲವೂ ಈ ಲೆಕ್ಕಕ್ಕೆ ಸೇರುತ್ತವೆ.

ಕಿಡ್ನಿ ಸೋತವರ ವಿಷಯ ಬೇರೆಯೇ. ಮೇಲೆ ಹೊಗಳಿದ ಸೊಪ್ಪು, ಕಾಳುಗಳನ್ನೇ ಅವರಲ್ಲಿ ಕೆಲವರಿಗೆ ಅಳೆದು ಕೊಡಬೇಕಾಗುತ್ತದೆ. ಅವುಗಳಲ್ಲಿನ ಪೊಟ್ಯಾಸಿಯಂ ಅನ್ನು ದುರ್ಬಲ ಕಿಡ್ನಿ ಹೊರಹಾಕಲಾರದು. ಅದು ರಕ್ತದಲ್ಲಿ ಏರಿದರೆ ಹೃದಯದ ಬಡಿತವೇ ತಪ್ಪೀತು. ‘ಕಡಿಮೆ ಸೋಡಿಯಂ’ ಉಪ್ಪಿನಲ್ಲಿ ಸೋಡಿಯಂನ ಒಂದು ಪಾಲಿನ ಬದಲು ಪೊಟ್ಯಾಸಿಯಂ ಇರುವುದರಿಂದ ಅಂಥವರು ಡಾಕ್ಟರರನ್ನು ಕೇಳದೆ ಅದನ್ನು ಬಳಸಲೇಬಾರದು. ಎಳನೀರಿಗೂ ಇದೇ ಎಚ್ಚರಿಕೆ. ನೆರೆಮನೆಯವರ ಪಥ್ಯ ನಮಗೆ ಹೊಂದದಿರುವುದಕ್ಕೆ ಇದಕ್ಕಿಂತ ಸ್ಪಷ್ಟ ಕಾರಣ ಬೇಕಿಲ್ಲ.

ಒಳ್ಳೆಯ ಆಹಾರ ಸಲಹೆ ನಿನ್ನೆ ಏನುಂಡಿರಿ ಎಂಬ ಪ್ರಶ್ನೆಯಿಂದ ಶುರುವಾಗುತ್ತದೆ. ಎಷ್ಟು ರೊಟ್ಟಿ, ಎಷ್ಟು ಕಪ್ ಚಹಾ, ತಿಂಗಳಿಗೆ ಮನೆಗೆ ಎಣ್ಣೆ ಎಷ್ಟು, ಪಡಿತರದ ಅಕ್ಕಿ ಎಷ್ಟು ಎಂದು ಕೇಳಿ, ಒಂದು ಭೇಟಿಗೆ ಒಂದೆರಡು ಬದಲಾವಣೆ ಮಾತ್ರ ಹೇಳುತ್ತದೆ. ಅಡುಗೆ ಮಾಡುವವರು ಎದುರಿಗಿರದಿದ್ದರೆ ಆ ಮಾತು ಒಲೆಯವರೆಗೆ ಮುಟ್ಟುವುದಿಲ್ಲ. ಹತ್ತು ನಿಮಿಷ ಬೇಡುವ ಕೆಲಸ ಇದು, ಸಾಲುಗಟ್ಟಿದ ರೋಗಿಗಳ ನಡುವೆ ಡಾಕ್ಟರರೊಬ್ಬರಿಂದಲೇ ಆಗದು. ತಾಲ್ಲೂಕು ಆಸ್ಪತ್ರೆಗೊಬ್ಬ ಆಹಾರತಜ್ಞರನ್ನು ಕೊಡುವುದು ಸರ್ಕಾರದ ಹೊಣೆ. ಔಷಧಕ್ಕೆ ಸುರಿಯುವ ಹಣದ ಮುಂದೆ ಅದು ದೊಡ್ಡ ಖರ್ಚಲ್ಲ.

ಅಲ್ಲಿಯವರೆಗೆ, ಮುಂದಿನ ಸಲ ದವಾಖಾನೆಗೆ ಹೋಗುವಾಗ ಮೂರು ದಿನದ ಊಟವನ್ನು ಒಂದು ಹಾಳೆಯಲ್ಲಿ ಬರೆದುಕೊಂಡು, ಅಡುಗೆ ಮಾಡುವವರನ್ನೂ ಕರೆದುಕೊಂಡು ಹೋಗಿ. ‘ನನಗೆ ರೊಟ್ಟಿ ಎಷ್ಟು, ಅನ್ನ ಎಷ್ಟು, ಉಪ್ಪು ಎಷ್ಟು ಅಂತ ಚೀಟಿಯಲ್ಲೇ ಬರೆದುಕೊಡ್ರಿ’ ಎಂದು ಸಂಕೋಚವಿಲ್ಲದೆ ಕೇಳಿ.