ಒತ್ತಡಕ್ಕೆ ಮಾತ್ರೆಯೊಂದೇ ಮದ್ದಲ್ಲ

ಕೆಲಸಕ್ಕೆ ಸೇರಿ ವರ್ಷವೂ ಆಗದ ನನ್ನ ಗೆಳೆಯನ ಬ್ಯಾಗಿನಲ್ಲಿ ಲ್ಯಾಪ್‌ಟಾಪ್ ಜೊತೆಗೆ ಮೂರು ಬಗೆಯ ಮಾತ್ರೆಗಳಿವೆ. ತಲೆನೋವಿಗೊಂದು, ಗ್ಯಾಸ್ಟ್ರಿಕ್‌ಗೊಂದು, ನಿದ್ದೆಗೊಂದು. ಮೊದಲೆರಡನ್ನು ಬಡಾವಣೆಯ ವೈದ್ಯರು ಬರೆದುಕೊಟ್ಟರು. ಮೂರನೆಯದನ್ನು ಕೊಟ್ಟವನು ಸಹೋದ್ಯೋಗಿ. 'ದಿನಕ್ಕೆ ಎಷ್ಟು ಗಂಟೆ ಕೆಲಸ?' ಎಂದು ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ವಾರಕ್ಕೆ 70 ಗಂಟೆ ದುಡಿಯಬೇಕೆಂದು ಇನ್ಫೊಸಿಸ್ ಸ್ಥಾಪಕರಲ್ಲೊಬ್ಬರಾದ ನಾರಾಯಣಮೂರ್ತಿ 2023ರಲ್ಲಿ ಯುವಜನರಿಗೆ ಸಲಹೆ ನೀಡಿದರು. ಮರುವರ್ಷ ಐಟಿ ನೌಕರರ ದಿನದ ಕೆಲಸವನ್ನು 14 ಗಂಟೆಗೆ ವಿಸ್ತರಿಸುವ ಪ್ರಸ್ತಾವ ರಾಜ್ಯದಲ್ಲಿ ತೀವ್ರ ವಿರೋಧ ಎದುರಿಸಿತು. ಈ ಚರ್ಚೆಗಳಲ್ಲಿ ಮರೆತ ಅಂಕಿಅಂಶವೊಂದಿದೆ. ವಾರಕ್ಕೆ 55 ಗಂಟೆ ಅಥವಾ ಹೆಚ್ಚು ದುಡಿಯುವವರಿಗೆ, 35–40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇ 35ರಷ್ಟು ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲೇ ಹೇಳಿವೆ.

ಒತ್ತಡ ತನ್ನ ಹೆಸರು ಹೇಳಿಕೊಂಡು ಕ್ಲಿನಿಕ್‌ಗೆ ಬರುವುದಿಲ್ಲ. ಎದೆಯುರಿ, ಬೆನ್ನುನೋವು, ಸುಸ್ತಿನ ವೇಷದಲ್ಲಿ ಬರುತ್ತದೆ. ಹೊರಗೆ ಸಾಲು ಬೆಳೆದಿರುವಾಗ ವೈದ್ಯರಿಗೂ ಕೇಳುವಷ್ಟು ಪುರುಸೊತ್ತಿಲ್ಲ. ಲಕ್ಷಣಕ್ಕೆ ಮಾತ್ರೆ ಸಿಗುತ್ತದೆ, ಕಾರಣ ಕಚೇರಿಯಲ್ಲೇ ಉಳಿಯುತ್ತದೆ.

ಆಲ್ಪ್ರಜೋಲಾಮ್‌ನಂಥ ಮಾತ್ರೆಗಳು 'ಶೆಡ್ಯೂಲ್ ಎಚ್1' ಪಟ್ಟಿಯಲ್ಲಿವೆ. ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ, ಮಾರಿದ್ದನ್ನು ಅಂಗಡಿಯವರು ಪ್ರತ್ಯೇಕ ಪುಸ್ತಕದಲ್ಲಿ ದಾಖಲಿಸಬೇಕು. ಏಕೆಂದರೆ ಇವು ಬೇಗ ಅಭ್ಯಾಸವಾಗುತ್ತವೆ, ದಿನಗಳೆದಂತೆ ಹೆಚ್ಚು ಪ್ರಮಾಣ ಬೇಡುತ್ತವೆ. ಬಹುಕಾಲ ನುಂಗಿ ಏಕಾಏಕಿ ಬಿಟ್ಟರೆ ಫಿಟ್ಸ್ ಕೂಡ ಬರಬಹುದು. ಹಾಗೆಂದು ಎಲ್ಲ ಔಷಧವೂ ಕೆಟ್ಟದ್ದಲ್ಲ. ಖಿನ್ನತೆಗೆ ವೈದ್ಯರು ಕೊಡುವ ಮಾತ್ರೆ ಕೆಲಸ ಮಾಡಲು ಕೆಲವು ವಾರ ಬೇಕು. ಅದನ್ನು ಹೆದರಿ ನಡುವೆ ನಿಲ್ಲಿಸುವುದೂ ತಪ್ಪೇ.

ಕೆಲಸ ಹುಡುಕುತ್ತಿರುವ ನಾವು ಸಂದರ್ಶನದಲ್ಲಿ ಸಂಬಳದಷ್ಟೇ ಸಹಜವಾಗಿ ಕೆಲಸದ ಅವಧಿಯನ್ನೂ ಕೇಳಬೇಕು. ವೈದ್ಯರು ಕೇಳದಿದ್ದರೂ ನಿದ್ದೆ, ದುಡಿಮೆಯ ವಿಷಯ ನಾವೇ ಹೇಳಬೇಕು. ಹಿಂಜರಿಕೆಯಿದ್ದರೆ 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿಯೆನ್ನದೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು.

ದಣಿವು ಸೋಮಾರಿತನವಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ 'ಬರ್ನ್‌ಔಟ್' ಅನ್ನು ಕಾಯಿಲೆಯೆನ್ನದೆ, ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನವೆಂದು ಕರೆಯಿತು. ಅಂದಮೇಲೆ ಚಿಕಿತ್ಸೆ ನೌಕರನಿಗಷ್ಟೇ ಸಾಲದು, ಕಚೇರಿಗೂ ಬೇಕು.