ಟರ್ಮಿನಲ್ ಮುಚ್ಚಿದ್ರೆ ಕೆಲಸ ಯಾಕ್ರೀ ಸಾಯ್ಬೇಕು?

ಮೊನ್ನೆ ಆಫೀಸಲ್ಲಿ ಒಂದು ಸಣ್ಣ ಜಗಳ ಆಯ್ತು. ಗೆಳೆಯನೊಬ್ಬ ಹದಿನಾಲ್ಕು ಟರ್ಮಿನಲ್ ಟ್ಯಾಬ್ ತೆರೆದಿಟ್ಕೊಂಡು, "ಟಿಮಕ್ಸ್ ಎಲ್ಲಾ ಹಳೇ ಕಾಲದೋರ ಶೋಕಿ ಕಣೋ, ಟ್ಯಾಬ್ ಇರೋವಾಗ ಅದ್ಯಾಕೆ?" ಅಂದ. ನಂಗೆ ಪಿತ್ತ ನೆತ್ತಿಗೇರ್ತು. ಯಾಕೆ ಅಂತ ಹೇಳ್ತೀನಿ, ಕೇಳಿ.

ಎರಡು ವರ್ಷದ ಹಿಂದೆ ನಾನೂ ಇದೇ ಡೈಲಾಗ್ ಹೊಡೀತಿದ್ದೆ. ಒಂದು ರಾತ್ರಿ ಮನೆಯಿಂದ ಸರ್ವರ್‌ಗೆ ಎಸ್‌ಎಸ್‌ಎಚ್ ಮಾಡಿ, ಹಳೇ ಡೇಟಾಬೇಸಿಂದ ಹೊಸದಕ್ಕೆ ಡೇಟಾ ಸಾಗಿಸೋ ಸ್ಕ್ರಿಪ್ಟ್ ಓಡಿಸಿ ಊಟಕ್ಕೆ ಕೂತೆ. ಅನ್ನ-ಸಾರು ಮುಗಿಯೋದ್ರೊಳಗೆ ಕರೆಂಟ್ ಹೋಯ್ತು, ಅದರ ಹಿಂದೆ ವೈಫೈ. ಗಂಟೆ ಬಿಟ್ಟು ನೋಡಿದ್ರೆ ಸ್ಕ್ರಿಪ್ಟ್ ಸತ್ತಿತ್ತು. ಅರ್ಧ ಡೇಟಾ ಆ ಕಡೆ, ಅರ್ಧ ಈ ಕಡೆ. ಯಾವ ಸಾಲು ಹೋಗಿದೆ, ಯಾವುದು ಇಲ್ಲ ಅಂತ ಬೆಳಗಿನ ಜಾವ ನಾಲ್ಕರ ತನಕ ಲೆಕ್ಕ ಹಾಕ್ತಾ ಕೂತಿದ್ದೆ.

ಸರ್ವರ್‌ಗೆ ಏನೂ ಆಗಿರ್ಲಿಲ್ಲ ಸ್ವಾಮಿ! ಕರೆಂಟ್ ಹೋಗಿದ್ದು ನಮ್ಮನೇಲಿ. ಕೊಂದಿದ್ದು ಸಿಗ್‌ಹಪ್ ಅನ್ನೋ ಸಿಗ್ನಲ್. ಹ್ಯಾಂಗ್ ಅಪ್, ಅಂದ್ರೆ ಫೋನ್ ಕೆಳಗಿಟ್ಟ ಹಾಗೆ. ಮೋಡೆಮ್ ಕಾಲದ ಹೆಸರು. ಟರ್ಮಿನಲ್ ಸಂಪರ್ಕ ಕಡಿದಾಗ ಅದಕ್ಕೆ ಅಂಟಿಕೊಂಡ ಪ್ರೋಗ್ರಾಂಗಳಿಗೆ ಇದು ಹೋಗುತ್ತೆ. ಮುಂಚೆನೇ ಏನಾದ್ರೂ ಏರ್ಪಾಡು ಮಾಡಿರದಿದ್ರೆ ಅವು ಅಲ್ಲೇ ಖತಂ. ಟ್ಯಾಬ್ ಹದಿನಾಲ್ಕಿರಲಿ, ನಲವತ್ತಿರಲಿ, ಎಲ್ಲಕ್ಕೂ ಇದೇ ಗತಿ.

ಟಿಮಕ್ಸ್ ಮಾಡೋದಿಷ್ಟೇ. ಸರ್ವರಲ್ಲೇ ಬೇರೆ ಪ್ರೋಸೆಸ್ ಆಗಿ ಕೂತು ನಿಮ್ಮ ಶೆಲ್‌ಗಳನ್ನೆಲ್ಲ ತಾನೇ ಹಿಡ್ಕೊಂಡಿರುತ್ತೆ. ನೀವು ಬಂದು ನೋಡಿ ಹೋಗೋ ನೆಂಟ ಅಷ್ಟೇ. ಕಂಟ್ರೋಲ್-ಬಿ, ಆಮೇಲೆ ಡಿ ಒತ್ತಿದ್ರೆ ಹೊರಗೆ. 'ಟಿಮಕ್ಸ್ ಅಟ್ಯಾಚ್' ಅಂದ್ರೆ ಬಿಟ್ಟ ಜಾಗಕ್ಕೇ ವಾಪಸ್. ಲೈನ್ ಕಟ್ಟಾದ್ರೂ ಒಳಗಿನ ಕೆಲಸ ನಡೀತಾನೇ ಇರುತ್ತೆ.

"ನೋಹಪ್ ಇದ್ಯಲ್ಲಾ" ಅಂತೀರಾ? ಇದೆ. ಆದ್ರೆ ನಡುರಾತ್ರಿ ಸ್ಕ್ರಿಪ್ಟು "ಮುಂದುವರಿಸಲಾ?" ಅಂತ ಕೇಳಿದ್ರೆ ಹಿಂದಕ್ಕೆ ಹೋಗಿ ಉತ್ತರ ಕೊಡೋ ದಾರಿ ಅದ್ರಲ್ಲಿಲ್ಲ. ಹಾಂ, ಸರ್ವರ್ರೇ ರೀಬೂಟ್ ಆದ್ರೆ ಟಿಮಕ್ಸೂ ಹೋಗುತ್ತೆ, ಒಪ್ಕೋತೀನಿ. ಮನೆ ಕರೆಂಟಿಗೆ ಹೆದರೋದಂತೂ ತಪ್ಪುತ್ತೆ.

ಇನ್ನು "ಹಳೇ ಕಾಲದ್ದು" ಅನ್ನೋ ಮಾತು. ಹೌದು ಹಳೇದೇ! ಗ್ನೂ ಸ್ಕ್ರೀನ್ 1987ರದ್ದು, ನಾನು ಹುಟ್ಟೋಕೂ ಮುಂಚಿನದು. ನಿಕೋಲಸ್ ಮ್ಯಾರಿಯಟ್ ಬರೆದ ಟಿಮಕ್ಸ್ 2007ರದ್ದು. 2009ರಲ್ಲಿ ಓಪನ್‌ಬಿಎಸ್‌ಡಿ ಜೊತೆಗೇ ಬರೋಕೆ ಶುರುವಾಯ್ತು. ಇಷ್ಟು ವರ್ಷದಿಂದ ಮದ್ದು ಕೈಯಲ್ಲಿದ್ರೂ ರೋಗ ಅನುಭವಿಸ್ತೀವಿ ಅಂದ್ರೆ ತಪ್ಪು ಯಾರದ್ದು?

ಸ್ವಲ್ಪ ನಮ್ಮದು, ಸ್ವಲ್ಪ ನಮ್ಮ ಓದಿನದ್ದು. ನಾಲ್ಕು ವರ್ಷ ಇಂಜಿನಿಯರಿಂಗಲ್ಲಿ ಪ್ರೋಸೆಸ್ ಸ್ಟೇಟ್ ಡಯಾಗ್ರಂ ಬಿಡಿಸಿದ್ದೇ ಬಿಡಿಸಿದ್ದು. ಸಂಪರ್ಕ ಕಡಿದ್ರೆ ಆ ಪ್ರೋಸೆಸ್ಸಿಗೆ ಏನಾಗುತ್ತೆ ಅಂತ ಲ್ಯಾಬಲ್ಲಿ ಒಂದು ಗಂಟೆ ತೋರಿಸಿದ್ರೆ ಸಾಕಿತ್ತು, ನನ್ನ ಒಂದು ರಾತ್ರಿ ನಿದ್ದೆ ಉಳೀತಿತ್ತು.

ಗೆಳೆಯ ಇನ್ನೂ ಹದಿನಾಲ್ಕು ಟ್ಯಾಬಲ್ಲೇ ಇದಾನೆ. ಮಳೆಗಾಲ ಬರ್ಲಿ, ಒಂದ್ಸಲ ಕರೆಂಟ್ ಹೋಗ್ಲಿ, ಆಮೇಲೆ ಮಾತಾಡೋಣ ಅಂದಿದೀನಿ :)

ನೀವು ಯಾವ ಪಕ್ಷ?