ಅವ್ವನ ಹಾಡಿಗೊಂದು ಗದ್ದಲವಿಲ್ಲದ ಕಂಪ್ಯೂಟರ್

ನಮ್ಮಪ್ಪನ ದನಿ ಒಂದು ಹಳೆಯ ಮೊಬೈಲಿನ ಮೆಮೊರಿ ಕಾರ್ಡಿನಲ್ಲಿತ್ತು. ಅಲಾಯಿ ಪದಗಳು, ಏಳೋ ಎಂಟೋ ಇದ್ದವು. ಅಪ್ಪ ತೀರಿಕೊಂಡ ಮೇಲೆ ಒಂದು ದಿನ ಕೇಳೋಣ ಎಂದು ತೆಗೆದರೆ ಕಾರ್ಡು ತೆರೆಯಲೇ ಇಲ್ಲ. ಬಳ್ಳಾರಿಯಲ್ಲಿ ಇಬ್ಬರಿಗೆ ತೋರಿಸಿದೆ. ಇಬ್ಬರೂ ತಲೆಯಾಡಿಸಿದರು. ಇನ್ನೊಂದು ಕಡೆ ಪ್ರತಿ ಮಾಡಿಡಬೇಕು ಎಂಬ ಬುದ್ಧಿ ನನಗೆ ಆಗ ಇರಲಿಲ್ಲ.

ಈ ಬೇಸಿಗೆಯಲ್ಲಿ ಒಂಬತ್ತನೇ ತರಗತಿಯ ಮಗಳು ಕೇಳಿದಳು: “ಅಜ್ಜಿ ಹಾಡನ್ನಾದರೂ ಸರಿಯಾಗಿ ಇಟ್ಕೊಳ್ಳೋಣವಾ?” ಅವ್ವನಿಗೆ ಈಗ ಎಂಬತ್ತರ ಹತ್ತಿರ. ಬೀಸೋ ಪದ, ಸೋಬಾನೆ ಪದ ಎಷ್ಟು ಬರುತ್ತವೋ ಅವಳಿಗೇ ಲೆಕ್ಕವಿಲ್ಲ. ಆದರೆ ಉಸಿರು ಮೊದಲಿನಷ್ಟು ನಿಲ್ಲುವುದಿಲ್ಲ. ಮೊಬೈಲಿನಲ್ಲಿ ಹಿಡಿದಾಗೆಲ್ಲ ಫ್ಯಾನಿನ ಸದ್ದೇ ಮುಂದೆ, ಅವ್ವ ಹಿಂದೆ. ಹಾಗಾಗಿ ಮನೆಯಲ್ಲೇ ಹಾಡು ಮುದ್ರಿಸಲು ಒಂದು ಕಂಪ್ಯೂಟರನ್ನು ನಾವೇ ಬಿಡಿಭಾಗ ಆರಿಸಿ ಜೋಡಿಸೋಣ ಎಂದು ತೀರ್ಮಾನವಾಯಿತು.

ಬರೆದಿಟ್ಟುಕೊಂಡರೆ ಸಾಲದೇ ಎಂದು ನೀವು ಕೇಳಬಹುದು. ನಮ್ಮ ಜಿಲ್ಲೆಯದೇ ಮಾತು ಹೇಳುತ್ತೇನೆ. ಸಂಡೂರು ತಾಲ್ಲೂಕಿನ ದರೋಜಿ ಈರಮ್ಮ ಬುರ್ರಕಥೆಯ ದೊಡ್ಡ ಕಲಾವಿದೆ. ಹನ್ನೆರಡು ಜನಪದ ಮಹಾಕಾವ್ಯಗಳನ್ನು ಪುಸ್ತಕ ನೋಡದೆ ನೆನಪಿನಿಂದಲೇ ಹಾಡುತ್ತಿದ್ದರು. 2014ರಲ್ಲಿ ತೀರಿಕೊಂಡರು. ಅವರ ಕಥೆಗಳಲ್ಲಿ ಕೆಲವನ್ನು ವಿದ್ವಾಂಸರು ಪುಸ್ತಕಕ್ಕೆ ಇಳಿಸಿದ್ದಾರೆ. ಓದಬಹುದು, ಸಂತೋಷ. ಆದರೆ ಎಲ್ಲಿ ದನಿ ಏರಿತು, ಎಲ್ಲಿ ಬೇಕೆಂದೇ ತಡೆದು ನಿಂತರು ಎಂಬುದನ್ನು ಕಾಗದ ಹೇಳುವುದಿಲ್ಲವಲ್ಲ!

ಕುರುಗೋಡಿನಿಂದ ಬಸ್ಸು ಹತ್ತಿ ಬಳ್ಳಾರಿಯ ಒಂದು ಕಂಪ್ಯೂಟರ್ ಅಂಗಡಿಗೆ ಹೋದೆವು. “ಹಾಡು ರೆಕಾರ್ಡ್ ಮಾಡಬೇಕು” ಎಂದ ಕೂಡಲೇ ಅಂಗಡಿಯವರು ಒಂದು ದೊಡ್ಡ ಗ್ರಾಫಿಕ್ಸ್ ಕಾರ್ಡು ತೆಗೆದು ಮೇಜಿನ ಮೇಲಿಟ್ಟರು. ಕೆಂಪು, ನೀಲಿ, ಹಸಿರು ದೀಪ ಮಿನುಗುವ ಗಾಜಿನ ಪೆಟ್ಟಿಗೆಯನ್ನೂ ತೋರಿಸಿದರು. ಮಗಳ ಕಣ್ಣು ಅಲ್ಲೇ ನೆಟ್ಟಿತು. ಕೊಟ್ಟ ಪಟ್ಟಿಯಲ್ಲಿ ಅರ್ಧಕ್ಕೂ ಹೆಚ್ಚು ದುಡ್ಡು ಆ ಕಾರ್ಡಿಗೂ ದೀಪಕ್ಕೂ ಹೋಗುತ್ತಿತ್ತು.

ಮಕ್ಕಳೇ, ಇಲ್ಲಿ ಸ್ವಲ್ಪ ನಿಲ್ಲಿ. ಗ್ರಾಫಿಕ್ಸ್ ಕಾರ್ಡಿನ ಕೆಲಸ ಚಿತ್ರ ಬಿಡಿಸುವುದು. ಆಟ ಆಡುವವರಿಗೆ, ವಿಡಿಯೊ ಜೋಡಿಸುವವರಿಗೆ ಅದು ಬೇಕು. ಹಾಡಿಗೆ ಅದರಿಂದ ಏನೂ ಆಗದು. ಅಷ್ಟೇ ಅಲ್ಲ, ಅದರದೇ ಫ್ಯಾನುಗಳು ಗುಯ್‌ಗುಟ್ಟುತ್ತವೆ. ದುಡ್ಡು ಕೊಟ್ಟು ಗದ್ದಲ ತಂದಂತೆ. ಪರದೆಗೆ ಬೇಕಾದ ಚಿತ್ರದ ಭಾಗ ಪ್ರೊಸೆಸರಿನೊಳಗೇ ಇರುವಂಥದ್ದನ್ನು ಆರಿಸಿಕೊಂಡರೆ ಸಾಕು. ಇಂಟೆಲ್‌ನ ಐ3-12100ರಲ್ಲಿ ಆ ಭಾಗ ಇದೆ. ಅದೇ ಹೆಸರಿನ ಕೊನೆಗೆ ‘ಎಫ್’ ಅಕ್ಷರ ಸೇರಿದ್ದರೆ ಇಲ್ಲ. ಎಎಂಡಿಯ ರೈಜೆನ್ 5 5600ಜಿಯಲ್ಲಿ ಇದೆ. ‘ಎಫ್’ ಇರುವುದು ಸ್ವಲ್ಪ ಅಗ್ಗ ಎಂದು ತಂದುಬಿಟ್ಟರೆ ಮನೆಗೆ ಬಂದ ಮೇಲೆ ಪರದೆ ಕಪ್ಪಗೆ ಕೂರುತ್ತದೆ! ನಾವು 5600ಜಿ ತೆಗೆದುಕೊಂಡೆವು. ಒಬ್ಬಳು ಅಜ್ಜಿ, ಒಂದೆರಡು ಮೈಕು, ಇಷ್ಟಕ್ಕೆ ಅದು ಬೇಕಾದಷ್ಟು.

ರ್‍ಯಾಮ್ 16 ಜಿಬಿ. ಒಂದೇ ಪಟ್ಟಿಯ ಬದಲು 8ರ ಎರಡು ಪಟ್ಟಿ ಹಾಕಿದರೆ ಎರಡು ಕೈಯಿಂದ ಬಡಿಸಿದ ಹಾಗೆ, ಕೆಲಸ ಚುರುಕಾಗುತ್ತದೆ.

ಇನ್ನು ಹಾಡು ಕೂರುವ ಜಾಗ. ಇದಕ್ಕೊಂದು ಲೆಕ್ಕ ಮಾಡೋಣ, ಪೆನ್ಸಿಲ್ ತೆಗೆದುಕೊಳ್ಳಿ. ಕಂಪ್ಯೂಟರು ದನಿಯನ್ನು ಒಂದು ಸೆಕೆಂಡಿಗೆ 48,000 ಸಲ ಅಳೆಯುತ್ತದೆ ಎಂದುಕೊಳ್ಳಿ. ಒಂದೊಂದು ಅಳತೆಗೆ 24 ಬಿಟ್, ಅಂದರೆ 3 ಬೈಟ್. ಸೆಕೆಂಡಿಗೆ 1,44,000 ಬೈಟ್. ನಿಮಿಷಕ್ಕೆ 86,40,000. ಗಂಟೆಗೆ 51,84,00,000, ಅಂದರೆ ಸುಮಾರು ಅರ್ಧ ಜಿಬಿ. 500 ಜಿಬಿಯ ಎಸ್‌ಎಸ್‌ಡಿ ಇದ್ದರೆ ಬೇರೆಲ್ಲದಕ್ಕೆ ನೂರು ಬಿಟ್ಟರೂ 750 ಗಂಟೆಗೂ ಹೆಚ್ಚು ಹಾಡು ಹಿಡಿಸುತ್ತದೆ. ಅವ್ವ ಇದನ್ನು ಕೇಳಿ, “ಅಷ್ಟು ಹಾಡಿದ್ರ ನಾನು ಉಳೀತೀನೇನು?” ಎಂದಳು. ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆ ಇಲ್ಲ. ಆದ್ದರಿಂದ ಸದ್ದೂ ಇಲ್ಲ. ತಟ್ಟೆ ತಿರುಗುವ ಹಳೇ ಬಗೆಯ ಹಾರ್ಡ್ ಡಿಸ್ಕನ್ನು ಪ್ರತಿ ಇಡಲು ಮಾತ್ರ ಹೊರಗಡೆ ಇಟ್ಟುಕೊಂಡಿದ್ದೇವೆ.

ಹಿರಿಯರಿಗೆ ಗ್ರಾಮೊಫೋನ್ ನೆನಪಿರಬೇಕು. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದಾಗ ತಟ್ಟೆಯ ಮೇಲೆ ಸುಮಾರು ಮೂರು ನಿಮಿಷ ಮಾತ್ರ ಜಾಗ. ಎಷ್ಟು ದೊಡ್ಡ ರಾಗವಾದರೂ ಅಷ್ಟರಲ್ಲಿ ಮುಗಿಸಬೇಕು. ಹಾಡು ಮುಗಿಯುತ್ತಲೇ ಅವರು ಇಂಗ್ಲಿಷಿನಲ್ಲಿ ತಮ್ಮ ಹೆಸರು ಹೇಳುತ್ತಿದ್ದರು. ತಟ್ಟೆ ಒತ್ತುವ ಕಾರ್ಖಾನೆ ಇದ್ದದ್ದು ಜರ್ಮನಿಯಲ್ಲಿ. ಅಲ್ಲಿಯವರಿಗೆ ಇದು ಯಾರ ಹಾಡೆಂದು ತಿಳಿಯಬೇಕಲ್ಲ! ಈ ಗೌಹರ್ ಜಾನ್ ಕೊನೆಯ ದಿನಗಳನ್ನು ಕಳೆದದ್ದು ನಮ್ಮ ಮೈಸೂರಿನಲ್ಲಿ. 1930ರಲ್ಲಿ ಅಲ್ಲೇ ತೀರಿಕೊಂಡರು. ಅವರನ್ನು ನೋಡಿ ನಾವೂ ಒಂದು ರೂಢಿ ಮಾಡಿಕೊಂಡಿದ್ದೇವೆ. ಪ್ರತಿ ಹಾಡಿನ ಮೊದಲು ಅವ್ವ ತನ್ನ ಹೆಸರು, ಊರು, ಆ ಹಾಡು ಯಾರಿಂದ ಕಲಿತದ್ದು ಎಂದು ಹೇಳುತ್ತಾಳೆ. ದಿನಾಂಕ ಮೊಮ್ಮಗಳು ಹೇಳುತ್ತಾಳೆ.

ಪೆಟ್ಟಿಗೆಯ ವಿಷಯಕ್ಕೆ ಮನೆಯಲ್ಲಿ ಸಣ್ಣ ಜಗಳವೇ ಆಯಿತು. ಮಗಳಿಗೆ ದೀಪದ್ದೇ ಬೇಕು. ನಾನು ಮುಂಭಾಗಕ್ಕೆ ಜಾಲರಿ ಇರುವ ಸಾದಾ ಪೆಟ್ಟಿಗೆ ಆರಿಸಿದೆ. ನಮ್ಮ ಬಳ್ಳಾರಿ ಸೀಮೆಯ ಬಿಸಿಲು ನಿಮಗೆ ಗೊತ್ತೇ ಇದೆ. ಗಾಳಿ ಆಡದಿದ್ದರೆ ಒಳಗಿನ ಫ್ಯಾನು ಜೋರಾಗಿ ತಿರುಗುತ್ತದೆ, ಜೋರಾಗಿ ತಿರುಗಿದರೆ ಕಿರುಚುತ್ತದೆ. 120 ಮಿಲಿಮೀಟರಿನ ದೊಡ್ಡ ಫ್ಯಾನು ನಿಧಾನಕ್ಕೆ ತಿರುಗಿಯೂ ಅಷ್ಟೇ ಗಾಳಿ ಕೊಡುತ್ತದೆ. ಸಣ್ಣದು ಅದಕ್ಕಾಗಿ ಓಡಬೇಕು. ತಿಂಗಳಿಗೊಮ್ಮೆ ಜಾಲರಿಯ ದೂಳು ಒರೆಸುವ ಕೆಲಸ ಮಗಳದ್ದು.

ಗ್ರಾಫಿಕ್ಸ್ ಕಾರ್ಡಿನಿಂದ ಉಳಿದ ದುಡ್ಡು ಎರಡು ಮೈಕಿಗೂ ಅವನ್ನು ಕಂಪ್ಯೂಟರಿಗೆ ಸೇರಿಸುವ ಪುಟ್ಟ ಯುಎಸ್‌ಬಿ ಪೆಟ್ಟಿಗೆಗೂ ಹೋಯಿತು. ಇದನ್ನು ಆಡಿಯೊ ಇಂಟರ್‌ಫೇಸ್ ಎನ್ನುತ್ತಾರೆ. ಒಬ್ಬರೇ ಹಾಡುವುದಾದರೆ ನೇರ ಚುಚ್ಚುವ ಯುಎಸ್‌ಬಿ ಮೈಕೇ ಸಾಕು, ಇನ್ನೂ ಅಗ್ಗ. ಆದರೆ ಸೋಬಾನೆಯಲ್ಲಿ ಒಬ್ಬರು ಹೇಳಿದರೆ ಇನ್ನೊಬ್ಬರು ಸೊಲ್ಲು ಎತ್ತಿಕೊಳ್ಳಬೇಕು. ಎದುರುಮನೆಯ ಅತ್ತೆ ಬಂದು ಕೂರುತ್ತಾರೆ. ಅದಕ್ಕೇ ಎರಡು ಮೈಕು ಸೇರುವಂಥದ್ದು ತಂದೆವು.

ಕಿವಿಗೆ ಹೆಡ್‌ಫೋನ್ ಹಾಕಿ ಹಾಡುವವರಿಗೆ ಒಂದು ತೊಂದರೆ ಎದುರಾಗುತ್ತದೆ. ಹಾಡಿದ್ದು ಒಂದು ಗಳಿಗೆ ತಡವಾಗಿ ಕೇಳಿಸಿ ತಾಳ ತಪ್ಪುತ್ತದೆ. ಕಂಪ್ಯೂಟರು ಅಳತೆಗಳನ್ನು ಕಂತೆ ಕಟ್ಟಿ ಸಾಗಿಸುವುದೇ ಇದಕ್ಕೆ ಕಾರಣ. 256 ಅಳತೆಯ ಕಂತೆಯಾದರೆ ಸುಮಾರು 5 ಮಿಲಿಸೆಕೆಂಡ್. ಅಷ್ಟರಲ್ಲಿ ದನಿ ಗಾಳಿಯಲ್ಲಿ ಆರು ಅಡಿ ಸಾಗುತ್ತದೆ. ಪಕ್ಕದ ಚಾಪೆಯಲ್ಲಿ ಕೂತವರ ಹಾಡು ಕೇಳಿದಷ್ಟೇ ತಡ, ಗೊತ್ತೇ ಆಗದು. 1024ರ ಕಂತೆಯಾದರೆ 21 ಮಿಲಿಸೆಕೆಂಡ್, 24 ಅಡಿ. ಬೀದಿಯಾಚೆಯಿಂದ ಕೇಳಿದ ಹಾಗೆ. ಕಂತೆ ಚಿಕ್ಕದಾದಷ್ಟೂ ಪ್ರೊಸೆಸರಿಗೆ ದುಡಿತ ಹೆಚ್ಚು. ಪ್ರೊಸೆಸರಿನಲ್ಲಿ ತೀರಾ ಜಿಪುಣತನ ಮಾಡಬಾರದು ಎನ್ನುವುದು ಇದಕ್ಕೇ.

ಇಷ್ಟೆಲ್ಲ ಜೋಡಿಸಿ ಮೊದಲ ದಿನ ಮುದ್ರಿಸಿದರೆ ಅವ್ವನ ದನಿಯ ಕೆಳಗೆ ಒಂದು ‘ಗುಂಯ್’. ಫ್ಯಾನು ನಿಲ್ಲಿಸಿದರೂ ಹೋಗಲಿಲ್ಲ. ಮಗಳು ಲ್ಯಾಪ್‌ಟಾಪಿಗೆ ಮೈಕು ಸೇರಿಸಿ ಬ್ಯಾಟರಿಯಲ್ಲಿ ನಡೆಸಿ ನೋಡಿದಳು. ಸದ್ದಿಲ್ಲ! ಅಂದರೆ ದೋಷ ಗೋಡೆಯ ಪ್ಲಗ್ಗಿನದು. ಮೂರು ತೂತಿನ ಪ್ಲಗ್ಗಾದರೂ ಹಳೆಯ ಮನೆಯ ಅರ್ತಿಂಗ್ ಒಣಗಿ ಸತ್ತಿತ್ತು. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಹರಿಯುವುದರಿಂದ ಅದೇ ಸದ್ದು ಮೈಕಿನ ದಾರಿಗೆ ನುಗ್ಗುತ್ತದೆ. ಎಲೆಕ್ಟ್ರೀಷಿಯನ್ ಬಂದು ಹೊಸ ಗುಂಡಿ ತೋಡಿ ಸರಿಮಾಡಿದರು. (ಮಕ್ಕಳು ಇದಕ್ಕೆ ಕೈ ಹಾಕಬಾರದು, ದೊಡ್ಡವರೂ ಅಷ್ಟೆ.) ಜತೆಗೆ ಒಂದು ಚಿಕ್ಕ ಯುಪಿಎಸ್ ಇಟ್ಟೆವು. ಕರೆಂಟು ಹೋದರೆ ಹಾಡನ್ನು ಉಳಿಸಿ ಯಂತ್ರ ಮುಚ್ಚುವಷ್ಟು ಹೊತ್ತು ಸಿಗುತ್ತದೆ.

ಕೋಣೆಗೆ ಒಂದು ರೂಪಾಯಿಯೂ ಖರ್ಚಾಗಲಿಲ್ಲ. ನಮ್ಮದು ದಪ್ಪ ಗೋಡೆಯ ಮಾಳಿಗೆ ಮನೆ, ಹೊರಗಿನ ಸದ್ದು ಒಳಗೆ ಬರುವುದೇ ಕಡಿಮೆ. ಒಳಗೆ ದನಿ ಮಾರ್ದನಿಸದಿರಲಿ ಎಂದು ಮೂರು ಕಡೆ ಹಗ್ಗ ಕಟ್ಟಿ ಅವ್ವನೇ ಹೊಲಿದ ಕೌದಿಗಳನ್ನು ಇಳಿಬಿಟ್ಟೆವು. ಮೊದಲು ಉಗ್ರಾಣದ ಕೋಣೆ ಆರಿಸಿದ್ದೆವು. ಅಲ್ಲಿ ಮೆಣಸಿನಕಾಯಿ ಚೀಲಗಳಿದ್ದವು. ನಮ್ಮ ಸಂಗ್ರಹದ ಮೊಟ್ಟಮೊದಲ ಕಡತದಲ್ಲಿ ಇರುವುದು ಮೂರು ತಲೆಮಾರಿನ ಕೆಮ್ಮು.

ಹೊಸದು ಕೊಳ್ಳಲಾಗದವರು ಕಚೇರಿಗಳು ಮಾರಿದ ಹಳೆಯ ಡೆಸ್ಕ್‌ಟಾಪ್ ನೋಡಬಹುದು. ಬಹಳಷ್ಟು ಸದ್ದಿಲ್ಲದವು. ಇಂಟೆಲ್ ಆದರೆ ಎಂಟನೇ ತಲೆಮಾರಿನದೋ ಅದಕ್ಕಿಂತ ಈಚಿನದೋ ಎಂದು ಕೇಳಿ. ಅದಕ್ಕೂ ಹಳೆಯದಕ್ಕೆ ವಿಂಡೋಸ್ 11 ಒಗ್ಗುವುದಿಲ್ಲ, ವಿಂಡೋಸ್ 10ಕ್ಕೆ ಕಂಪನಿಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಲಿನಕ್ಸ್ ಹಾಕಿಕೊಂಡರೆ ಆ ಚಿಂತೆಯೂ ಇಲ್ಲ. ಒಂದು ಎಸ್‌ಎಸ್‌ಡಿ ಸೇರಿಸಿದರೆ ಸಾಕು. ಮುದ್ರಿಸಲು ಆಡಾಸಿಟಿ ಎಂಬ ತಂತ್ರಾಂಶ ಉಚಿತ, ಎರಡರಲ್ಲೂ ನಡೆಯುತ್ತದೆ. ಕಡತವನ್ನು ಎಂಪಿ3 ಬದಲು ವೇವ್ ಆಗಿ ಇಡಿ. ಎಂಪಿ3 ಜಾಗ ಉಳಿಸಲು ದನಿಯ ಒಂದಿಷ್ಟನ್ನು ಎಸೆದುಬಿಡುತ್ತದೆ.

ಈಗ ಪ್ರತಿ ಹಾಡಿಗೆ ಮೂರು ಪ್ರತಿ. ಒಂದು ಕಂಪ್ಯೂಟರಿನಲ್ಲಿ, ಒಂದು ಹೊರಗಿನ ಡಿಸ್ಕಿನಲ್ಲಿ, ಒಂದು ಸಿರುಗುಪ್ಪದ ತಂಗಿಯ ಮನೆಯಲ್ಲಿ. ತಂಗಿ ಬಂದಾಗೆಲ್ಲ ಡಿಸ್ಕು ಬದಲಾಗುತ್ತದೆ.

ಮೊನ್ನೆ ಭಾನುವಾರ ಬೆಳಗಿನ ಜಾವ, ಬಿಸಿಲೇರುವ ಮೊದಲೇ ಕೂತಿದ್ದೆವು. ಒಂದು ಬೀಸೋ ಪದ ಮುಗಿಯಿತು. ಮೊಮ್ಮಗಳು ಅಜ್ಜಿಯ ಕಿವಿಗೆ ಹೆಡ್‌ಫೋನ್ ಹಾಕಿ ಕೇಳಿಸಿದಳು. ಅವ್ವ ಕಣ್ಣು ಮುಚ್ಚಿ ಪೂರ್ತಿ ಕೇಳಿದಳು. ಏನು ಹೇಳುತ್ತಾಳೋ ಎಂದು ನಾವು ಕಾದೆವು.

“ಮೂರನೇ ನುಡಿ ತಪ್ಪೈತಿ. ನಮ್ಮವ್ವ ಹಿಂಗ ಹಾಡ್ತಿರಲಿಲ್ಲ. ಆ ಫ್ಯಾನು ಮತ್ತ ಆರಿಸು.”

ನಾನು ಎದ್ದು ಫ್ಯಾನು ಆರಿಸಿದೆ.